ಕಾಲರಿನ ಚೀಟಿ

ಮೂವತ್ತೆಂಟು ವರ್ಷ ಅಮರಗೋಳದ ಮಾರ್ಕೆಟ್ಟಿನಲ್ಲಿ
ಚೀಲ ಹೊತ್ತ ನಮ್ಮಪ್ಪ, ದಾವಲಸಾಬ ನದಾಫ,
ಇವತ್ತು ಹೊಸ ಅಂಗಿ ಹಾಕಿಕೊಂಡು
ಐದೇ ನಿಮಿಷಕ್ಕೆ ಬಿಚ್ಚಿ ಒಗೆದ.
"ಚುಚ್ಚತೈತವ್ವಾ, ಹಿಂದ ಏನೋ ಚುಚ್ಚತೈತಿ."

ಚುಚ್ಚಿದ್ದು ಕಾಲರಿನ ಚೀಟಿ.
ನಲವತ್ತೆರಡು ಅಂತ ಸೈಜು ಬರೆದ
ಬೆರಳಗಲದ ನೈಲಾನು.

ಇದೇ ಹೆಡಕಿನ ಮೇಲೆ
ಬ್ಯಾಡಗಿ ಮೆಣಸಿನಕಾಯಿ ಕೂತು ಹೋಗಿದೆ
ಗೋಣಿಯ ಸಂದಿಯಿಂದ ಖಾರ ಉದುರಿಸುತ್ತ;
ಹತ್ತಿಯ ಅಂಡಿಗಿ, ಶೇಂಗಾ,
ಮಳೆಗೆ ತೊಯ್ದು ಒಂದೂವರೆಯಾದ ಉಳ್ಳಾಗಡ್ಡಿ.
ಸಣ್ಣವಳಿದ್ದಾಗ ಅಲ್ಲಿನ ಗಂಟನ್ನು
ಉಗುರಿನಿಂದ ಬಡಿಯುತ್ತಿದ್ದೆ, ಟಕ್ ಟಕ್.
"ಯಾರದು?" ಅನ್ನುತ್ತಿದ್ದ ಅಪ್ಪ,
ಬಾಗಿಲ ಒಳಗಿನಿಂದ ಕೇಳಿದವನ ಹಾಗೆ.

ಈಗ ದವಾಖಾನೆಯ ಲ್ಯಾಬಿನಲ್ಲಿ
ಮೇಣದಲ್ಲಿ ಹುದುಗಿಸಿದ ಚರ್ಮವನ್ನು
ಕೂದಲಿಗಿಂತ ತೆಳ್ಳಗೆ ಹೆರೆದು
ಗಾಜಿಗೆ ಅಂಟಿಸುವುದು ನನ್ನ ಕೆಲಸ.
ಬಣ್ಣ ಕುಡಿಸಿ ಕಣ್ಣಿಟ್ಟರೆ
ತಳದಲ್ಲಿ ಸಾಲಾಗಿ ನಿಂತಿರುತ್ತವೆ, ತುಂಬಿದ ಕಾಳಿನಂಥವು.
ಒಂದು ಎರಡಾಗಿ, ಹುಟ್ಟಿದ್ದು ಹಳೆಯದನ್ನು ಮೇಲೆ ನೂಕಿ,
ಏರುತ್ತ ಏರುತ್ತ ಚಪ್ಪಟೆಯಾಗಿ
ಒಳಗಿನ ನೇರಳೆ ಚುಕ್ಕೆಯನ್ನೂ ಕಳೆದುಕೊಂಡು
ಬಿಸಿಲು ಕಾಣುವ ಹೊತ್ತಿಗೆ ಸತ್ತಿರುತ್ತವೆ.
ತಿಂಗಳೊಪ್ಪತ್ತಿನ ದಾರಿ.
ನಾವು ಮುಟ್ಟುವುದು, ಮುಟ್ಟಿಸಿಕೊಳ್ಳುವುದು
ಎಲ್ಲ ಸತ್ತವರ ಮೂಲಕವೇ.

ಆಮೇಲೆ ಹೊಟ್ಟಾಗಿ ಹಾರುತ್ತವೆ.
ಮಾರ್ಕೆಟ್ಟಿನ ಷೆಡ್ಡಿನಲ್ಲಿ
ಮೆಣಸಿನ ಬೀಜ, ಹತ್ತಿಯ ಎಳೆಯ ಜೊತೆ
ಎಷ್ಟು ಸೇರು ಅಪ್ಪನನ್ನು ಗುಡಿಸಿ ಚೆಲ್ಲಿದರೋ.
ಅಡತಿ ಅಂಗಡಿಯ ತಕ್ಕಡಿಗೆ ಅದು ಏರಲಿಲ್ಲ.

ಉಜ್ಜಿದಲ್ಲಿ, ಒತ್ತಿದಲ್ಲಿ
ತಳದವರು ಅವಸರ ಮಾಡುತ್ತಾರೆ:
ಬೇಗ ಹುಟ್ಟು, ಬೇಗ ಏರು,
ಉದುರಬೇಡ, ಅಲ್ಲೇ ಹಿಡಿದುಕೊಂಡು ನಿಲ್ಲು.
ಚೀಲದ ಕೆಳಗೆ ಇನ್ನೊಂದು ಥಪ್ಪಿ.

ಮೊದಲ ದಿನ ಹತ್ತನೆಯ ಚೀಲಕ್ಕೆ ಗುಳ್ಳೆ ಎದ್ದು
ನೀರು ಒಡೆದು ಅಂಗಿ ಅಂಟಿ
ಅಜ್ಜಿ ಅರಳೆ ತೊಯಿಸಿ ಬಿಡಿಸಿದ್ದಳಂತೆ.
"ಆಮ್ಯಾಲೆ ಅದ ಕಲ್ತು ಬಿಡ್ತು" ಅನ್ನುತ್ತಾನೆ,
ಚರ್ಮವೆಂದರೆ ಸಾಲಿಗೆ ಕಳಿಸಿದ ಹುಡುಗ ಎಂಬಂತೆ.

ಜಡ್ಡು ಅನ್ನುತ್ತೇವೆ ಇದಕ್ಕೆ.
ನಮ್ಮ ಕಡೆ ಬೇನೆಗೂ ಅದೇ ಹೆಸರು.
ಹಾವು ಬಿಟ್ಟುಹೋದದ್ದು ಪೊರೆ, ಕಾಯುವುದೂ ಪೊರೆಯುವುದೇ.
ಈ ಮಾತುಗಳನ್ನು ಇಟ್ಟವರು
ಯಾವ ಹಗೇವಿನಿಂದ ಜೋಳ ಹೊತ್ತವರೋ.

ಹಣೆಯಲ್ಲಿ ಇನ್ನೊಂದಿದೆ, ರೂಪಾಯಿಯಗಲ,
ಚಾಪೆಗೆ ತಾಗಿ ತಾಗಿ ಆದದ್ದು.
ಅದಕ್ಕೆ ದಿನಕ್ಕೈದು ಸಲ ಕೆಲಸವಿದೆ, ಉಳಿದಿದೆ.
ಹೆಡಕಿನದು ಹೊರಟುಹೋಯಿತು.

ಮೊಣಕಾಲು ಸೋತು ಚೀಲ ಬಿಟ್ಟದ್ದು ಬಕ್ರೀದಿನ ಮುಂಚೆ,
ಎಂಟು ತಿಂಗಳಾಯಿತು.
ಮೊದಲು ಅಂಚು ಎದ್ದಿತು, ಶೇಂಗಾದ ಒಳಸಿಪ್ಪೆಯ ಹಾಗೆ.
ದಿಂಬಿನ ಮೇಲೆ ಹಳದಿ ಚೂರು,
ಅವ್ವ ಕೊಡವಿ ಕೊಡವಿ ಬೇಸತ್ತಳು.
ಯಾರೂ ಒತ್ತದಿದ್ದರೆ ತಳದವರೂ
ಹುಟ್ಟುವುದನ್ನು ನಿಧಾನ ಮಾಡುತ್ತಾರೆ.
ಒಂದು ಸಂಜೆ ಅಪ್ಪ ಕನ್ನಡಿಗೆ ಬೆನ್ನು ಕೊಟ್ಟು
ಕೈಯಲ್ಲಿ ಇನ್ನೊಂದು ಕನ್ನಡಿ ಹಿಡಿದು
ಹುಡುಕುತ್ತಿದ್ದ.
"ಎಲ್ಲಿ ಹೋತದು?"
ಪಗಾರದ ಹಾಳೆಯಲ್ಲಿ ತನ್ನ ಹೆಸರು ಕಾಣದವನ ದನಿ.

ಕತ್ತರಿ ತಂದು ಹೊಲಿಗೆ ಒಂದೊಂದೇ ಬಿಡಿಸಿದೆ.
ಚೀಟಿ ಕೈಗೆ ಬಂತು, ಹಗುರ.
"ಕುಂಡ್ರು, ಹಾಕ್ತೀನಿ."
ತೋಳು ತೂರಿಸಿ ಕಾಲರ್ ಮಡಿಸುವಾಗ
ಹಳೇ ಚಟ,
ಉಗುರಿನಿಂದ ಬಡಿದೆ.

ಸದ್ದಾಗಲಿಲ್ಲ.
ಮೆತ್ತಗೆ, ಬೆಚ್ಚಗೆ ಬೆರಳು ತುಸು ಒಳಕ್ಕೆ ಹೋಯಿತು.
ಅಪ್ಪ ಹೆಗಲು ಕುಗ್ಗಿಸಿದ,
ಹೆಡಕು ಉಜ್ಜಿಕೊಂಡ.

"ಉಗುರು ತಕ್ಕೊ ಮೊದಲ" ಅಂದ.